ಫ್ಯಾನ್ ನಿಂತ ನಾಲ್ಕು ಸೆಕೆಂಡು

ನಮ್ಮ ಸರ್ ಐದು ಭಾಷೆಗಳಲ್ಲಿ ಮಾತಾಡುತ್ತಿದ್ದರು, ಆದರೆ ಎಣಿಸುವುದು ಮಾತ್ರ ತುಳುವಿನಲ್ಲಿ. ಕಂಪ್ಯೂಟರ್ ಮಾರುವವರ ಜೊತೆ ಇಂಗ್ಲಿಷ್, ನರ್ಸುಗಳ ಜೊತೆ ಮರಾಠಿ, ದೊಡ್ಡ ಡಾಕ್ಟರ್ ಮತ್ತು ಕೇಬಲ್ ಎಳೆಯುವವರ ಜೊತೆ ಹಿಂದಿ, ನನ್ನ ಜೊತೆ ಕನ್ನಡ. ಇಷ್ಟೆಲ್ಲ ಇದ್ದರೂ ಒಂದು ಕೇಬಲ್ ಕಿತ್ತು ಕೈಯಲ್ಲಿ ಹಿಡಿದು, ನೆಟ್‌ವರ್ಕ್ ಮತ್ತೆ ಏಳಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆ ಎಂದು ನೋಡುವಾಗ ಬಾಯಿಂದ ಬರುತ್ತಿದ್ದದ್ದು "ಒಂಜಿ, ರಡ್ಡ್, ಮೂಜಿ, ನಾಲ್..." ಅಷ್ಟೇ. ಆಗ ಅವರ ಮುಖ ನೋಡಬೇಕಿತ್ತು! ಅರವತ್ತರ ಹತ್ತಿರದ ಮನುಷ್ಯ, ಕಣ್ಣು ಹಾಗೇ ಪಳಪಳ.

ಹೋದ ತಿಂಗಳು ನಿವೃತ್ತರಾದರು. ಅವರ ಹೆಸರು ಬರೆದರೆ "ನಾನೆಂತ ಮಂತ್ರಿಯಾ ಮಾರಾಯ್ತಿ?" ಎಂದು ಬೈಯುತ್ತಾರೆ, ಅದಕ್ಕೆ ಸರ್ ಎಂದೇ ಇರಲಿ. ನಾನು ಅವರ ಕೈಕೆಳಗೆ ಆರು ವರ್ಷ ದುಡಿದವಳು. ನಮ್ಮದು ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗ. ಮುಖ್ಯ ಆಸ್ಪತ್ರೆ ಮುಂಬೈಯ ಪವಾಯಿಯಲ್ಲಿ, ಚಿಕ್ಕದೊಂದು ಘಾಟ್ಕೋಪರಿನಲ್ಲಿ, ಲ್ಯಾಬು ಬೈಕುಲ್ಲಾದಲ್ಲಿ. ಘಾಟ್ಕೋಪರಿನಲ್ಲಿ ಯಾರದೋ ತಲೆಯ ಸ್ಕ್ಯಾನ್ ತೆಗೆದರೆ ಅದನ್ನು ನೋಡುವ ಡಾಕ್ಟರು ಪವಾಯಿಯಲ್ಲಿ ಕೂತಿರುತ್ತಾರೆ. ಆ ಚಿತ್ರ ಅಲ್ಲಿಂದ ಇಲ್ಲಿಗೆ ಯಾವ ದಾರಿಯಲ್ಲಿ ಬರಬೇಕು ಎಂದು ತೀರ್ಮಾನಿಸುವ ಡಬ್ಬಿಯೇ ರೌಟರ್. ಮೂರು ಜಾಗದಲ್ಲಿ ಮೂರು ರೌಟರ್, ನಡುವೆ ತ್ರಿಕೋನದ ಹಾಗೆ ಕೇಬಲ್. ಈ ಡಬ್ಬಿಗಳು ದಾರಿಯ ವಿಷಯವನ್ನು ತಮ್ಮತಮ್ಮಲ್ಲಿ ಹೇಗೆ ಮಾತಾಡಿಕೊಳ್ಳಬೇಕು ಎಂಬ ರೀತಿರಿವಾಜಿಗೇ ಪ್ರೋಟೋಕಾಲ್ ಎನ್ನುವುದು. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಸರ್ ಹೇಳುತ್ತಾರೆ.

ನನ್ನ ಸಂದರ್ಶನ ನೆನೆಸಿಕೊಂಡರೆ ಈಗಲೂ ನಗು. ಅಪ್ಪ ವಿಜಾಪುರದ ಕಡೆಯಿಂದ ಬಂದ ಗೌಂಡಿ, ಪವಾಯಿಯ ಅರ್ಧ ಕಟ್ಟಡಗಳಿಗೆ ಇಟ್ಟಿಗೆ ಇಟ್ಟವನು. ಅವನು ಪ್ಲಾಸ್ಟರ್ ಮಾಡಿದ ಕಟ್ಟಡದಲ್ಲೇ ನಾನು ಹೊಸ ಚಪ್ಪಲಿ ಹಾಕಿಕೊಂಡು ಸಂದರ್ಶನಕ್ಕೆ ಕೂತಿದ್ದೆ. ಸರ್ ಮೊದಲು ಜೇಬಿನಿಂದ ಬಟ್ಟೆಯ ತುಂಡು ತೆಗೆದು ಮೇಜು ಒರೆಸಿದರು, ಎಡದಿಂದ ಬಲಕ್ಕೆ ಒಂದೇ ಬೀಸು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಇಲ್ಲಿಂದ ಬೈಕುಲ್ಲಾಕ್ಕೆ ಹೇಗೆ ಹೋಗ್ತಿ?"

"ಬಸ್ ಹಿಡಿದು ಘಾಟ್ಕೋಪರ್‌ಗೆ ಹೋಗಿ, ಅಲ್ಲಿಂದ ಸ್ಲೋ ಲೋಕಲ್ ಹಿಡೀತೀನ್ರಿ."

"ಸೆಂಟ್ರಲ್ ಲೈನ್ ಬಂದ್ ಆದ್ರೆ?"

"ಘಾಟ್ಕೋಪರ್‌ದಾಗ ಮೆಟ್ರೋ ಹತ್ತಿ ಅಂಧೇರಿಗೆ ಹೋಗ್ತೀನ್ರಿ. ಅಲ್ಲಿಂದ ವೆಸ್ಟರ್ನ್ ಲೈನ್, ಮುಂಬೈ ಸೆಂಟ್ರಲ್‌ದಾಗ ಇಳಿದು ಬಸ್."

"ಯಾರು ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ರಿ. ಮ್ಯಾಪ್ ತಲ್ಯಾಗ ಐತಿ."

ಸರ್ ಮೇಜು ಬಡಿದರು. "ಭಾರೀ ಲಾಯ್ಕ! ನೀನು ಓಎಸ್‌ಪಿಎಫ್! ನಾನು ಆರ್‌ಐಪಿ. ಬಾ, ಸೋಮವಾರದಿಂದ ಬಾ."

ಕೆಲಸ ಸಿಕ್ಕಿತು, ಆದರೆ ಅವರು ನನ್ನನ್ನು ಏನೆಂದು ಕರೆದರು ಎಂಬುದು ಅರ್ಥವಾಗಲು ವಾರ ಹಿಡಿಯಿತು. ಆರ್‌ಐಪಿ ಎಂಬುದು ಹಳೆಯ ಪ್ರೋಟೋಕಾಲ್. ಅದಕ್ಕೆ ಮ್ಯಾಪು ಗೀಪು ಏನೂ ಗೊತ್ತಿಲ್ಲ. ಪಕ್ಕದವನನ್ನು ಕೇಳುತ್ತದೆ, ಅವನು ಹೇಳಿದ್ದನ್ನು ನಂಬುತ್ತದೆ, ತನ್ನ ಪಕ್ಕದವನಿಗೆ ದಾಟಿಸುತ್ತದೆ. ಅದಕ್ಕೆ ಬರುವ ಲೆಕ್ಕವೂ ಒಂದೇ, ನಡುವೆ ಎಷ್ಟು ಸ್ಟೇಷನ್ ಎಂಬುದು. ಫಾಸ್ಟೋ ಸ್ಲೋವೋ, ನೂಕುನುಗ್ಗಲೋ ಖಾಲಿಯೋ, ಅದಕ್ಕೆ ಎಲ್ಲವೂ ಒಂದೇ. ಹದಿನೈದು ಸ್ಟೇಷನ್ ದಾಟಿದ ಊರು ಅದರ ಪಾಲಿಗೆ ಭೂಮಿಯ ಮೇಲೇ ಇಲ್ಲ! ಓಎಸ್‌ಪಿಎಫ್ ಹಾಗಲ್ಲ. ಅಲ್ಲಿ ಪ್ರತಿಯೊಂದು ರೌಟರೂ ತನ್ನ ಮನೆಯ ಬಾಗಿಲುಗಳ ವಿಷಯ ಮಾತ್ರ ಹೇಳುತ್ತದೆ, ಆದರೆ ಎಲ್ಲರಿಗೂ ಹೇಳುತ್ತದೆ. ಹಾಗಾಗಿ ಪ್ರತಿಯೊಬ್ಬರ ಹತ್ತಿರವೂ ಇಡೀ ಊರಿನ ನಕ್ಷೆ ಇರುತ್ತದೆ.

ಸರ್ ಇದನ್ನೆಲ್ಲ ಪುಸ್ತಕದಿಂದ ಕಲಿಸಿದವರಲ್ಲ. ಉಡುಪಿ ಕಡೆಯಿಂದ ಬಂದ ಹೊಸದರಲ್ಲಿ ಬೈಕುಲ್ಲಾದ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿದ್ದವರು, ಬೆಳಿಗ್ಗೆ ಕಾಲೇಜು ಮುಗಿಸಿ ಊಟದ ಹೊತ್ತಿಗೆ ತಟ್ಟೆ ಹಿಡಿದವರು. ಕೈಯಲ್ಲಿ ಆ ಕಸಬು ಕಡೆಯತನಕ ಉಳಿದಿತ್ತು. ಕ್ಯಾಂಟೀನಿನಿಂದ ನಾಲ್ಕು ಚಹಾ ಒಂದೇ ಕೈಯಲ್ಲಿ ತರುತ್ತಿದ್ದರು, ಮೂರು ಲ್ಯಾಪ್‌ಟಾಪುಗಳನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ದೋಸೆ ತಟ್ಟೆಗಳ ಹಾಗೆ ಜೋಡಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಬೀಳುತ್ತದೋ ಎಂದು ನಮ್ಮ ಜೀವ ಬಾಯಿಗೆ ಬರುತ್ತಿತ್ತು. ಒಂದು ಸಲವೂ ಬೀಳಲಿಲ್ಲ ಬಿಡಿ.

ಆರ್‌ಐಪಿಯ ದೊಡ್ಡ ರೋಗವನ್ನು ಅವರು ಇಡ್ಲಿಯಲ್ಲಿ ವಿವರಿಸಿದರು. "ನೋಡು, ಒಳಗೆ ಇಡ್ಲಿ ಖಲಾಸ್. ನಾನು ಪಕ್ಕದ ಸಪ್ಲಾಯರಿಗೆ ಕೇಳ್ತೇನೆ, ಇಡ್ಲಿ ಉಂಟಾ? ಅವ ಹೇಳ್ತಾನೆ, ಉಂಟು. ಅವನಿಗೆ ಹೇಗೆ ಗೊತ್ತು? ಆಗ ನಾನೇ ಅವನಿಗೆ ಉಂಟು ಅಂದಿದ್ದೆ! ಈಗ ಅವ ಅಂದ ಅಂತ ನಾನು ಗಿರಾಕಿಗೆ ಉಂಟು ಅಂತೇನೆ. ಇಬ್ರೂ ಒಬ್ಬರಿಗೊಬ್ರು ಉಂಟು ಉಂಟು ಅಂತಾ ಇರುದು, ಒಳಗೆ ಪಾತ್ರೆ ತೊಳೆದು ಕವುಚಿ ಹಾಕಿ ಆಗಿದೆ!"

"ಮತ್ತ ಏನ್ ಮಾಡಿದ್ರಿ ಸರ್?"

"ನಮ್ಮ ಧಣಿ ಒಂದು ಕಾನೂನು ಮಾಡಿದ್ರು. ಯಾರಿಂದ ಸುದ್ದಿ ಕೇಳಿದ್ದೋ ಅವನಿಗೇ ಆ ಸುದ್ದಿ ವಾಪಸ್ ಹೇಳ್ಲಿಕ್ಕಿಲ್ಲ. ಮುಂದೆ ಕಾಲೇಜಲ್ಲಿ ನೆಟ್‌ವರ್ಕ್ ಪಾಠ ಮಾಡುವಾಗ ಅದೇ ಕಾನೂನು ಬಂತು ಮಾರಾಯ್ತಿ, ದೊಡ್ಡ ಇಂಗ್ಲಿಷ್ ಹೆಸರು ಹಾಕಿ! ನಾನು ಕ್ಲಾಸಲ್ಲಿ ನಗಾಡಿದ್ದಕ್ಕೆ ಹೊರಗೆ ಹಾಕಿದ್ರು."

ಅದೇ ಧಣಿಯ ಇನ್ನೊಂದು ಮಾತು ಅವರ ತಲೆಯಲ್ಲಿ ಅಚ್ಚೊತ್ತಿತ್ತು. ಒಂದು ದಿನ ಊಟದ ರಶ್ಶಿನಲ್ಲಿ ದೊಡ್ಡ ಒಲೆ ಕೆಟ್ಟು ನಿಂತಿತಂತೆ. ಸರ್ ಯಾರಿಗೂ ಏನೂ ಹೇಳದೆ ಆರ್ಡರುಗಳನ್ನೆಲ್ಲ ಹಿಂದಿನ ಸಣ್ಣ ಒಲೆಗೆ ತಿರುಗಿಸಿ ಮಧ್ಯಾಹ್ನ ದಾಟಿಸಿದರು. ಸಂಜೆ ಧಣಿ ಹೆಗಲ ಮೇಲೆ ಕೈಯಿಟ್ಟು "ಗಿರಾಕಿಗೆ ಗೊತ್ತಾಗ್ಲಿಲ್ಲ" ಎಂದರಂತೆ. ಅಷ್ಟೇ! ಆ ಮನುಷ್ಯ ಯಾರನ್ನೂ ಹೊಗಳದವರು. ಸರ್ ಅದನ್ನು ಹೇಳುವಾಗಲೆಲ್ಲ ತಮ್ಮ ಹೆಗಲನ್ನೇ ಒಮ್ಮೆ ಮುಟ್ಟಿಕೊಳ್ಳುತ್ತಿದ್ದರು. ಆರು ವರ್ಷದಲ್ಲಿ ನಾನು ಏನೆಲ್ಲ ಮಾಡಿದೆ, ಆ ಮಾತು ಮಾತ್ರ ನನಗೆ ಸಿಗಲಿಲ್ಲ. "ಆಯ್ತು, ಅಡ್ಡಿಯಿಲ್ಲ" ಎಂಬಲ್ಲಿಗೆ ಮುಗಿಯುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು ನನಗೆ, ಸುಳ್ಳೇಕೆ ಹೇಳಲಿ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನಮ್ಮ ಆಸ್ಪತ್ರೆಯ ನೆಟ್‌ವರ್ಕ್ ಕಟ್ಟಿದವರು ಸರ್, ಅದೂ ಆರ್‌ಐಪಿಯಲ್ಲಿ. ಆಗ ಇದ್ದದ್ದು ಎರಡೇ ಜಾಗ, ಒಂದೇ ಕೇಬಲ್. ಅದು ಸರಿಯಾಗಿಯೇ ಇತ್ತು. ಹೋದ ಮಳೆಗಾಲದಲ್ಲಿ ಘಾಟ್ಕೋಪರಿನ ರಸ್ತೆ ಅಗೆಯುವಾಗ ಪವಾಯಿಗೆ ಬರುವ ನೇರ ಕೇಬಲ್ ಕತ್ತರಿಸಿಹೋಯಿತು. ಬೈಕುಲ್ಲಾ ಸುತ್ತಿ ಬರುವ ಇನ್ನೊಂದು ದಾರಿ ಇದ್ದೇ ಇತ್ತು. ಆದರೆ ನೇರ ದಾರಿ ಸತ್ತಿದೆ ಎಂದು ಆರ್‌ಐಪಿ ಒಪ್ಪಿಕೊಳ್ಳಲು ಮೂರು ನಿಮಿಷ ತೆಗೆದುಕೊಂಡಿತು. ಅದೇ ಮೂರು ನಿಮಿಷ ಅಲ್ಲಿ ಪಾರ್ಶ್ವವಾಯು ಬಡಿದ ಒಬ್ಬ ಅಜ್ಜಿ ಮಲಗಿದ್ದಳು, ಇಲ್ಲಿ ಡಾಕ್ಟರ್ ಖಾಲಿ ಪರದೆ ನೋಡುತ್ತ ನಿಂತಿದ್ದರು. ಅಜ್ಜಿ ಉಳಿದಳು, ದೇವರು ದೊಡ್ಡವನು. ಆದರೆ ದೊಡ್ಡ ಡಾಕ್ಟರ್ ಮೇಡಂ ನಮ್ಮನ್ನು ಕರೆದು ಹೇಳಿದ್ದು ಎರಡೇ ಮಾತು: "ದಸ್ ಸೆಕೆಂಡ್ ಕೆ ಅಂದರ್ ವಾಪಸ್ ಆನಾ ಚಾಹಿಯೇ. ನಹೀ ತೋ ಬಾಹರ್ ಕಿ ಕಂಪನಿ ಕೋ ದೇ ದೂಂಗಿ." ಹತ್ತು ಸೆಕೆಂಡಿನಲ್ಲಿ ಎದ್ದು ನಿಲ್ಲದಿದ್ದರೆ ಕೆಲಸ ಹೊರಗಿನ ಕಂಪನಿಗೆ, ನಮ್ಮ ವಿಭಾಗ ಬಂದ್. ಸರ್‌ಗೆ ಹೇಗೂ ನಿವೃತ್ತಿ. ಮನೆಗೆ ಹೋಗಬೇಕಾದವಳು ನಾನು. ಬಿಲ್ಡಿಂಗ್ ಬಿಲ್ಡಿಂಗ್ ತಿರುಗಿ "ನನ್ನ ಮಗಳು ದವಾಖಾನಿ ಕಂಪ್ಯೂಟರ್ ನೋಡ್ಕೋತಾಳ" ಎನ್ನುವ ಅಪ್ಪನಿಗೆ ಏನು ಹೇಳುವುದು?

"ಓಎಸ್‌ಪಿಎಫ್ ಹಾಕೂಣ್ರಿ ಸರ್," ಎಂದೆ, ಹೆದರುತ್ತಲೇ. ಅವರ ಕೈಯಾರೆ ಕಟ್ಟಿದ್ದನ್ನು ಕಿತ್ತು ಹಾಕೋಣ ಎಂದಂತಲ್ಲವೇ ಅದು?

ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ರೇಸ್ ಇಡುವ! ನನ್ನದು, ನಿನ್ನದು, ಎರಡೂ ಮೇಡಂ ಎದುರಿಗೇ ಓಡ್ಲಿ. ಯಾವುದು ಗೆಲ್ತದೋ ನೋಡುವ ಮಾರಾಯ್ತಿ!"

ಎರಡು ವಾರ ನಾನು ಊಟ ತಿಂಡಿ ಬಿಟ್ಟು ತಯಾರಿ ಮಾಡಿದೆ. ಮೇಜಿನ ಮೇಲೆ ಮೂರು ರೌಟರ್, ಮೂರು ಊರುಗಳ ಹಾಗೆ. ಘಾಟ್ಕೋಪರ್ ರೌಟರಿಗೆ ಒಂದು ಕ್ಯಾಮೆರಾ, ಅದರ ಎದುರು ಒಂದು ಟೇಬಲ್ ಫ್ಯಾನ್. ಪವಾಯಿ ರೌಟರಿಗೆ ಒಂದು ಪರದೆ. ಪರದೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ದಾರಿ ಇದೆ, ನಿಂತರೆ ದಾರಿ ಸತ್ತಿದೆ. ಇದು ಸರ್ ಉಪಾಯ. ಮೇಡಂಗೆ ಅಂಕಿಗಿಂಕಿ ಬೇಡ, ಫ್ಯಾನ್ ಸಾಕು ಎಂದಿದ್ದರು. ನಾನು ದಿನಕ್ಕೆ ಇಪ್ಪತ್ತು ಸಲ ರೌಟರಿನಿಂದ ಕೇಬಲ್ ಕಿತ್ತು ನೋಡುತ್ತಿದ್ದೆ. ಓಎಸ್‌ಪಿಎಫ್ ಒಂದೇ ಸೆಕೆಂಡಿನಲ್ಲಿ ದಾರಿ ಬದಲಿಸುತ್ತಿತ್ತು! ಫ್ಯಾನ್ ಕಣ್ಣು ಮಿಟುಕಿಸಿದಂತೆ ನಿಂತು ಮತ್ತೆ ತಿರುಗುತ್ತಿತ್ತು. ನನ್ನ ಖುಷಿ ಕೇಳಬೇಡಿ. ಲೋಕಲ್‌ನಲ್ಲಿ ನಿಂತುಕೊಂಡೇ ಒಬ್ಬಳೇ ನಗುತ್ತ ಮನೆಗೆ ಹೋಗುತ್ತಿದ್ದೆ.

ಶನಿವಾರ ಹನ್ನೊಂದಕ್ಕೆ ಮೇಡಂ ಬಂದು ಕೂತರು. ಮೊದಲು ನನ್ನ ಸರದಿ. ಕೇಬಲ್ ಕೀಳುವವರು ಸರ್, ಅದು ಒಪ್ಪಂದ. ಸರ್ ಕೈ ಚಾಚಿದರು, ರೌಟರಿನ ಹತ್ತಿರ ಹೋದರು, ಅಲ್ಲೇ ನಿಂತರು. ಏನೋ ನೋಡಿದರು. ಆಮೇಲೆ ಕೈಯನ್ನು ಪಕ್ಕಕ್ಕೆ ಸರಿಸಿದರು. ನಮ್ಮ ಮೇಜಿನಲ್ಲೂ ನಿಜವಾದ ಲೈನಿನ ಹಾಗೆ ಎರಡು ರೌಟರುಗಳ ನಡುವೆ ಎರಡು ಪುಟ್ಟ ಡಬ್ಬಿಗಳಿದ್ದವು, ರಸ್ತೆಯ ಕೇಬಲನ್ನು ನಮ್ಮ ಕೇಬಲಿಗೆ ಜೋಡಿಸುವಂಥವು. ಸರ್ ರೌಟರನ್ನು ಮುಟ್ಟಲೇ ಇಲ್ಲ. ಆ ಎರಡು ಡಬ್ಬಿಗಳ ನಡುವಿನ ಕೇಬಲ್ ಕಿತ್ತರು.

"ಒಂಜಿ, ರಡ್ಡ್, ಮೂಜಿ..."

ಫ್ಯಾನ್ ನಿಂತಿತು. ನಿಂತೇ ಇತ್ತು. "ಎಣ್ಮ, ಒರ್ಂಬ, ಪತ್ತ್." ಹತ್ತು ಮುಗಿಯಿತು. ಸರ್ ನಿಲ್ಲಿಸಲಿಲ್ಲ, ನಲವತ್ತಕ್ಕೆ ಬಂದು "ನಲ್ಪ" ಎಂದ ಮೇಲೆ ಫ್ಯಾನ್ ತಿರುಗಿತು. ಮೇಡಂ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಸರ್ ಅದೇ ಉತ್ಸಾಹದಲ್ಲಿ ತಮ್ಮ ಆರ್‌ಐಪಿ ಹಾಕಿ, ಅದೇ ಜಾಗದಲ್ಲಿ ಕೇಬಲ್ ಕಿತ್ತು ಎಣಿಸತೊಡಗಿದರು. ನಲವತ್ತು ದಾಟಿತು, ನೂರು ದಾಟಿತು. ತುಳು ಬಾರದ ಮೇಡಂ ಕೂಡ ನಗು ತಡೆದುಕೊಳ್ಳುತ್ತಿದ್ದರು. ಮೂರು ನಿಮಿಷ ಪೂರ್ತಿ ಎಣಿಸಿದ ಮೇಲೆ ಸರ್ "ದೇಖಾ ಮೇಡಂ? ಮೇರಾ ಬುಢ್ಢಾ ಹೋ ಗಯಾ!" ಎಂದು, ತನ್ನದಕ್ಕೆ ಮುಪ್ಪಾಯಿತೆಂದು, ಜೋರಾಗಿ ಘೋಷಿಸಿದರು. ತಾನು ಕಟ್ಟಿದ್ದು ಸೋತಿತು ಎಂದು ಇಷ್ಟು ಸಂತೋಷದಿಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಆಮೇಲೆ "ಬೀಸ್ ಮಿನಿಟ್ ಚಾಯ್ ಬ್ರೇಕ್, ಮೇಡಂ. ಫಿರ್ ಏಕ್ ಬಾರ್" ಎಂದು, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎಂದು ಬೇಡಿಕೊಂಡರು. ಮೇಡಂ ಗಡಿಯಾರ ನೋಡಿ, ಆಗಲಿ ಎಂದು ತಲೆಯಾಡಿಸಿದರು.

ಮೇಡಂ ಹೊರಗೆ ಹೋಗಿ ಬಾಗಿಲು ಹಾಕಿದ್ದೇ ತಡ, ನಾನು ಸಿಡಿದೆ. "ಹಿಂಗ್ಯಾಕ್ ಮಾಡಿದ್ರಿ ಸರ್? ಎರಡು ವಾರ ನಾ ರೌಟರ್‌ದಾಗಿಂದ ಕಿತ್ತು ನೋಡೀನಿ, ಒಂದ ಸೆಕೆಂಡ್‌ನ್ಯಾಗ ಬರತಿತ್ತು. ನಿಮ್ಮದು ಉಳೀಲಿ ಅಂತ ನನ್ನ ಕೆಡವಿದ್ರಿ, ಹೌದಿಲ್ರಿ?"

"ರಸ್ತೆ ಅಗೆಯುವ ಜೆಸಿಬಿ ಸರ್ವರ್ ರೂಮಿಗೆ ಬರ್ತದಾ ಮಾರಾಯ್ತಿ?"

ಹೌದಲ್ಲ! ರೌಟರಿನ ಮೂತಿಯಿಂದಲೇ ಕೇಬಲ್ ಕಿತ್ತರೆ ಅದಕ್ಕೆ ಆ ಕ್ಷಣವೇ ಗೊತ್ತಾಗುತ್ತದೆ. ರಸ್ತೆಯ ನಡುವೆ ಕತ್ತರಿಸಿದರೆ ಈ ಕಡೆಯ ತುಂಡು ಕೇಬಲ್ ಡಬ್ಬಿಯಲ್ಲಿ ಹಾಗೇ ಸಿಕ್ಕಿಸಿಕೊಂಡಿರುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ರೌಟರ್ ಎಲ್ಲ ಸರಿಯಿದೆ ಎಂದುಕೊಂಡು ಆಚೆಯವನ ಉತ್ತರಕ್ಕೆ ಕಾಯುತ್ತ ಕೂರುತ್ತದೆ. ಇಪ್ಪತ್ತು ಸಲ ಕಿತ್ತು ಬೀಗಿದ ನಾನು ಒಂದು ಸಲವಾದರೂ ರಸ್ತೆಯನ್ನು ನೆನೆಸಿದ್ದೆನೇ?

"ನಂಗೂ ಮುಂಚೆ ಹೊಳೆಯಲಿಲ್ಲ, ದೇವರಾಣೆ," ಎಂದರು ಸರ್, ಮೆಲ್ಲಗೆ. "ಕೈ ಹಾಕಿದಾಗ ಆ ಡಬ್ಬಿ ಕಂಡಿತು. ಕಂಡ ಮೇಲೆ ಸುಮ್ಮನೆ ಇರ್ಲಿಕ್ಕೆ ಆಗ್ತದಾ? ರೌಟರಿಂದ ಕಿತ್ತು ನಿನ್ನ ಗೆಲ್ಲಿಸ್ಬಹುದಿತ್ತು. ಮುಂದಿನ ಮಳೆಗೆ ಅಲ್ಲಿ ಇನ್ನೊಂದು ಅಜ್ಜಿ ಮಲಗಿರ್ತಾಳೆ." ಆಮೇಲೆ ಬಟ್ಟೆ ತೆಗೆದು ಮೇಜು ಒಂದು ಬೀಸು ಒರೆಸಿದರು. "ಅಳುದು ಆಮೇಲೆ. ಹದಿನೆಂಟು ನಿಮಿಷ ಉಂಟು. ಹೇಳು, ಓಎಸ್‌ಪಿಎಫ್ ಎಷ್ಟು ಸೆಕೆಂಡಿಗೊಮ್ಮೆ ಪಕ್ಕದವನಿಗೆ ನಮಸ್ಕಾರ ಹೇಳ್ತದೆ?"

"ಹತ್ತ ಸೆಕೆಂಡಿಗೊಮ್ಮೆ ರಿ. ನಲವತ್ತ ಸೆಕೆಂಡ್ ಏನೂ ಕೇಳಲಿಲ್ಲಂದ್ರ ಸತ್ತಾನಂತ ತಿಳೀತೈತಿ."

"ನಮ್ಮ ಹೋಟೆಲಲ್ಲಿ ನಾನು ಹೊರಗಿಂದ ಆರ್ಡರ್ ಕೂಗಿದ್ರೆ ಒಳಗಿಂದ ಭಟ್ರು 'ಓ' ಅನ್ಬೇಕು. ಎರಡು ಸಲ 'ಓ' ಬರದಿದ್ರೆ ಒಳಗೆ ಹೋಗಿ ನೋಡುದು. ನಲವತ್ತು ಸೆಕೆಂಡ್ ಕಾದ್ರೆ ಗಿರಾಕಿ ಎದ್ದು ಹೋಗ್ತಾನೆ!"

ನನ್ನ ಬೆರಳುಗಳು ಕೀಬೋರ್ಡಿನ ಮೇಲೆ ಓಡಿದವು. ನಮಸ್ಕಾರ ಸೆಕೆಂಡಿಗೊಮ್ಮೆ. ನಾಲ್ಕು ಸೆಕೆಂಡ್ ಉತ್ತರವಿಲ್ಲದಿದ್ದರೆ ಬೇರೆ ದಾರಿ. ಎರಡು ಸೆಕೆಂಡ್ ಇಡಲೇ ಎಂದು ಆಸೆಬುರುಕಿಯ ಹಾಗೆ ಕೇಳಿದೆ. "ಬೇಡ. ಮಳೆಗೆ ಲೈನ್ ಒಂಚೂರು ಕೆಮ್ಮಿದ್ರೂ ಸತ್ತ ಅಂತ ಬೊಬ್ಬೆ ಹಾಕ್ತದೆ. ಬದುಕಿದವನನ್ನು ಹೊತ್ತುಕೊಂಡು ಹೋಗ್ಲಿಕ್ಕಿಲ್ಲ." ಹಾಗಾದರೆ ಆರ್‌ಐಪಿಯ ಸಮಯವನ್ನೂ ಹೀಗೇ ಇಳಿಸಬಹುದಲ್ಲ, ನಿಮ್ಮದೇ ಉಳಿಯುತ್ತದಲ್ಲ ಎಂದೆ. ಸರ್ ಬೇಡವೆಂದು ತಲೆಯಾಡಿಸಿದರು. "ಅದಕ್ಕೆ ಬರೀ ನಮಸ್ಕಾರ ಅಂತ ಇಲ್ಲ. ಬಾಯಿ ತೆರೆದಾಗೆಲ್ಲ ಊರಿನ ಪುರಾಣ ಪೂರ್ತಿ ಹೇಳ್ಬೇಕು. ಅದನ್ನು ಸೆಕೆಂಡಿಗೊಮ್ಮೆ ಹೇಳಿಸುದಾ? ಪಾಪ, ಬಿಡು."

ಮೂರು ರೌಟರಿಗೂ ಹಾಕಿ ಮುಗಿಸುವಾಗ ಬಾಗಿಲು ತಟ್ಟಿತು. ಮತ್ತೊಂದು ಸಲ ಪರೀಕ್ಷಿಸಲು ಸಮಯವೇ ಇರಲಿಲ್ಲ. ಮೇಡಂ ಕೂತರು. ಸರ್ ಅದೇ ಎರಡು ಡಬ್ಬಿಗಳ ನಡುವಿನ ಕೇಬಲ್ ಹಿಡಿದು ನನ್ನತ್ತ ನೋಡಿದರು. "ಈ ಸಲ ನೀನು ಎಣಿಸು."

ಕೇಬಲ್ ಕಿತ್ತು ಬಂತು. ಫ್ಯಾನ್ ನಿಂತಿತು. ನನಗೆ ಕನ್ನಡದ ಅಂಕಿಗಳೇ ಮರೆತುಹೋದವು. "ಒಂಜಿ," ಎಂದೆ. "ರಡ್ಡ್. ಮೂಜಿ. ನಾಲ್..."

ಫ್ಯಾನ್ ತಿರುಗಿತು!

ಸರ್ ಕೇಬಲ್ ಹಿಡಿದ ಕೈಯನ್ನು ಮೇಲೆತ್ತಿ ಕುಣಿದೇಬಿಟ್ಟರು. ನಿಜವಾಗಿ ಕುಣಿದರು, ದೊಡ್ಡ ಡಾಕ್ಟರ್ ಎದುರಿಗೆ! "ಸೋತೆ ಮಾರಾಯ್ತಿ, ನಾನು ಸೋತೇ ಹೋದೆ!" ಮೇಡಂ ಎದ್ದು ನಿಂತು "ಲಗಾ ದೋ", ಹಾಕಿಬಿಡಿ ಎಂದು ಹೇಳಿ ಹೋದರು. ವಿಭಾಗ ಉಳಿಯಿತು, ನಾನು ಉಳಿದೆ. ಹೊಗಳಿಕೆ ಈಗಲಾದರೂ ಬರುತ್ತದೆ ಎಂದು ಕಾದೆ. ಸರ್ ಬೆವರು ಒರೆಸಿಕೊಂಡು "ಆಯ್ತು, ಅಡ್ಡಿಯಿಲ್ಲ. ಮೇಜಿನ ಮೇಲೆ ಆಯ್ತು" ಎಂದರು.

ಮೂರು ಜಾಗಕ್ಕೂ ಹೊಸದನ್ನು ಹಾಕಿದೆವು. ಹಳೆಯದನ್ನು ಅಳಿಸುವ ಕೊನೆಯ ಸಾಲನ್ನು ಸರ್ ತಮ್ಮ ಕಡೆಯ ದಿನಕ್ಕೆಂದು ಉಳಿಸಿಕೊಂಡಿದ್ದರು. ಅಂದು ಬೆಳಿಗ್ಗೆ ಕುಂಕುಮ ಹಚ್ಚಿಕೊಂಡು ಬಂದು ತಾವೇ ಟೈಪ್ ಮಾಡಿ ಎಂಟರ್ ಒತ್ತಿದರು. ಒತ್ತಿ, ಪರದೆಯನ್ನು ಒಂದು ಗಳಿಗೆ ನೋಡಿ, "ಒಳ್ಳೆ ಕೆಲಸ ಮಾಡಿದ್ದ, ಪಾಪ" ಎಂದರು. ಯಾರೋ ಹಳೆಯ ಸಪ್ಲಾಯರನ್ನು ಊರಿಗೆ ಬಸ್ ಹತ್ತಿಸಿದ ಹಾಗಿತ್ತು. ನಾನು ಅತ್ತೆ. ಅವರು ಎಲ್ಲರಿಗೂ ಚಹಾ ತಂದರು, ಒಂದು ಕೈಯಲ್ಲಿ ನಾಲ್ಕು.

ಮೊನ್ನೆ ಮಂಗಳವಾರ ಸಂಜೆ ಚಹಾ ಕುಡಿಯುತ್ತ ರೌಟರ್ ಸೆಕೆಂಡು ಸೆಕೆಂಡಿನ ಲೆಕ್ಕ ಬರೆದಿಡುವ ದಿನಚರಿ ತೆರೆದೆ. ಮಧ್ಯಾಹ್ನ ಹನ್ನೆರಡಕ್ಕೆ ಘಾಟ್ಕೋಪರ್ ನೇರ ಲೈನ್ ಸತ್ತಿದೆ! ಕಪ್ ಇಟ್ಟು ಎದ್ದೆ. ಸತ್ತು ನಾಲ್ಕೂವರೆ ತಾಸಾಗಿದೆ, ನನಗೆ ಒಂದು ಫೋನೂ ಬಂದಿಲ್ಲ! ಅಲ್ಲಿಗೆ ಫೋನ್ ಮಾಡಿದರೆ ಸ್ಕ್ಯಾನ್ ರೂಮಿನವರು "ಸಬ್ ಬರಾಬರ್ ಹೈ, ಕ್ಯೂಂ?" ಎಂದರು, ಎಲ್ಲ ಸರಿಯಿದೆಯಲ್ಲ ಎಂದು. ಹನ್ನೆರಡರಿಂದ ಒಂಬತ್ತು ಸ್ಕ್ಯಾನ್ ಹೋಗಿವೆಯಂತೆ, ಎಲ್ಲವೂ ಬೈಕುಲ್ಲಾ ಸುತ್ತಿ. ಹೊರಗೆ ರಸ್ತೆಯಲ್ಲಿ ಜೆಸಿಬಿ ಅಗೆಯುತ್ತಿದೆಯಂತೆ.

ಕೂಡಲೇ ಸರ್‌ಗೆ ಫೋನ್ ಹಚ್ಚಿದೆ. "ಸರ್, ಘಾಟ್ಕೋಪರ್ ಕೇಬಲ್ ಕಡದಾರ್ರಿ. ಜೆಸಿಬಿ!"

"ಎಷ್ಟು ಸೆಕೆಂಡು?"

"ನಾಲ್!"

"ಯಾರು ಫೋನ್ ಮಾಡಿದ್ದು ನಿಂಗೆ?"

"ಯಾರೂ ಇಲ್ರಿ. ನಾನ ಈಗ ನೋಡಿದೆ."

ಸರ್ ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳಿದರು: "ಗಿರಾಕಿಗೆ ಗೊತ್ತಾಗ್ಲಿಲ್ಲ."

ನಾನು ಕಿರುಚಿದ್ದು ಕಾರಿಡಾರಿನ ತುದಿಯವರೆಗೆ ಕೇಳಿಸಿತಂತೆ. ನರ್ಸ್ ಓಡಿ ಬಂದು ಬಾಗಿಲಲ್ಲಿ ನಿಂತು "ಕಾಯ್ ಝಾಲಂ?" ಎಂದಳು, ಏನಾಯಿತೆಂದು. ನಾನು ಕಣ್ಣೊರೆಸಿಕೊಂಡು, ಹೆಗಲ ಮೇಲೆ ಕೈಯಿಟ್ಟುಕೊಂಡು, ನಗುತ್ತ ಹೇಳಿದೆ:

"ಏನೂ ಆಗಿಲ್ಲ ತಾಯಿ, ಏನೂ ಆಗಿಲ್ಲ!"